ಲೈನ್ ಇಲ್ಲದೆ ಸ್ವಂತ ಕರೆಂಟಿನಲ್ಲಿ ಮನೆ ನಡೆಸಬಹುದಾ?

ಪ್ರಶ್ನೆ: ಸರ್, ನಾವು ತೋಟದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಕರೆಂಟ್ ಲೈನ್ ದೂರ ಇದೆ, ಕಂಬ ಹಾಕಿಸಿ ಎಳೆಸಬೇಕು. ಅದರ ಬದಲು ಪೂರ್ತಿ ಸೋಲಾರ್‌ನಲ್ಲೇ ಇರೋಣ ಎಂದು ಯೋಚನೆ. ಮನೆಯಲ್ಲಿ ನಾಲ್ಕು ಜನ. ಸೋಲಾರ್ ಮಾರುವವರೊಬ್ಬರು 3 ಕಿಲೋವ್ಯಾಟ್ ಪ್ಯಾನೆಲ್ ಹಾಕಿಸಿದರೆ ದಿನಕ್ಕೆ 10 ಯೂನಿಟ್ ಬರುತ್ತದೆ, ನಿಮಗೆ ಬೇಕಾದ್ದಕ್ಕಿಂತ ಎರಡರಷ್ಟು ಎಂದರು. ಆದರೆ ನಮ್ಮ ನೆಂಟರ ಮನೆ ಮೇಲೆ ಪ್ಯಾನೆಲ್ ಇದ್ದರೂ ಕರೆಂಟ್ ಹೋದಾಗ ಅವರ ಮನೆಯೂ ಕತ್ತಲೆ. ಯಾಕೆ ಹೀಗೆ? ಎಷ್ಟು ಬ್ಯಾಟರಿ ಬೇಕು? ಜೊತೆಗೆ ಗಾಳಿಯಂತ್ರ ಹಾಕಿಸಬೇಕಾ? ಪಕ್ಕದಲ್ಲಿ ಒಂದು ಸಣ್ಣ ಹಳ್ಳವೂ ಹರಿಯುತ್ತದೆ.

ಉತ್ತರ: ನಡೆಸಬಹುದು. ಆದರೆ ಆ 10 ಯೂನಿಟ್ ಮಾತು ನಂಬಿಕೊಂಡು ಅಲ್ಲ. ಅವರು ಸುಳ್ಳು ಹೇಳಿಲ್ಲ. ಒಳ್ಳೆ ಬಿಸಿಲಿನ ದಿನ 3 ಕಿಲೋವ್ಯಾಟ್ ಪ್ಯಾನೆಲ್‌ನಿಂದ ಅಷ್ಟು ಬರುತ್ತದೆ. ದಟ್ಟ ಮೋಡ ಕವಿದ ದಿನ ಅದೇ ಪ್ಯಾನೆಲ್ 2 ಯೂನಿಟ್ ಕೊಟ್ಟರೆ ಹೆಚ್ಚು. ಲೈನ್ ಇರುವ ಮನೆಗೆ ಇದು ತಲೆನೋವಲ್ಲ, ಕಡಿಮೆ ಬಿದ್ದದ್ದನ್ನು ಲೈನ್ ತುಂಬಿಕೊಡುತ್ತದೆ. ಲೈನ್ ಇಲ್ಲದ ಮನೆಗೆ ವರ್ಷದ ಸರಾಸರಿಯಿಂದ ಏನೂ ಉಪಯೋಗ ಇಲ್ಲ. ವರ್ಷದಲ್ಲಿ ಬಿಸಿಲು ಅತಿ ಕಡಿಮೆ ಇರುವ ಹದಿನೈದು ದಿನ ಯಾವುದೋ, ಆ ಹದಿನೈದು ದಿನಕ್ಕೆ ಮನೆ ತಯಾರಿರಬೇಕು. ಅದು ಮಳೆಗಾಲದಲ್ಲಿ ಬರಬಹುದು, ಚಳಿಗಾಲದಲ್ಲಿ ಬರಬಹುದು. ಕೆಳಗಿನ ಲೆಕ್ಕವೆಲ್ಲ ಅದಕ್ಕಾಗಿಯೇ.

ಮೊದಲು ನೆಂಟರ ಮನೆಯ ವಿಷಯ ಮುಗಿಸೋಣ. ಅವರದು ಲೈನ್‌ಗೆ ಜೋಡಿಸಿದ ಸೋಲಾರ್, ಅಂದರೆ ಗ್ರಿಡ್-ಟೈ. ಅದರ ಇನ್ವರ್ಟರ್ ಲೈನಿನ ವೋಲ್ಟೇಜ್ ನೋಡಿಕೊಂಡು ಅದರ ತಾಳಕ್ಕೆ ಕರೆಂಟ್ ತಳ್ಳುತ್ತದೆ. ಲೈನ್ ಹೋದ ಕೂಡಲೇ ತಾನೂ ಬಂದ್ ಆಗಬೇಕು ಎಂಬುದು ಅದರೊಳಗಿನ ನಿಯಮ. ಯಾಕೆಂದರೆ ಲೈನ್ ಬಂದ್ ಮಾಡಿ ಕಂಬ ಹತ್ತಿ ರಿಪೇರಿ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ಮನೆ ಕಡೆಯಿಂದ ಕರೆಂಟ್ ಬಂದರೆ ಜೀವಕ್ಕೇ ಅಪಾಯ. ಹಾಗಾಗಿ ನೆತ್ತಿ ಮೇಲೆ ಸೂರ್ಯ ಇದ್ದರೂ ಅವರ ಮನೆ ಆಫ್. ನಿಮಗೆ ಬೇಕಾಗಿರುವುದು ಬ್ಯಾಟರಿ ಇಟ್ಟುಕೊಂಡು ತಾನೇ ವೋಲ್ಟೇಜ್ ಕಟ್ಟಿ ಕೊಡುವ ಆಫ್-ಗ್ರಿಡ್ ಇನ್ವರ್ಟರ್. ಇಲ್ಲವೇ ಎರಡೂ ಮಾಡಬಲ್ಲ ಹೈಬ್ರಿಡ್. ಕೊಟೇಶನ್‌ನಲ್ಲಿ ಈ ಮೂರರಲ್ಲಿ ಯಾವುದನ್ನು ಬರೆದಿದ್ದಾರೆ ಎಂದು ಮೊದಲು ನೋಡಿ. "ಬಿಲ್ ಸೊನ್ನೆ ಆಗುತ್ತೆ" ಎಂಬ ಮಾತು ಬಂದರೆ ಸಾಮಾನ್ಯವಾಗಿ ಅದು ಗ್ರಿಡ್-ಟೈ. ಬಿಲ್ಲೇ ಬಾರದ ಮನೆಗೆ ಅದನ್ನು ಕಟ್ಟಿಕೊಂಡು ಏನು ಮಾಡುತ್ತೀರಿ?

ಈಗ ಲೆಕ್ಕ. ಹೆಚ್ಚಿನವರು ಪ್ಯಾನೆಲ್‌ನಿಂದ ಶುರು ಮಾಡುತ್ತಾರೆ. ನೀವು ಖರ್ಚಿನಿಂದ ಶುರು ಮಾಡಿ. ಒಂದು ಹಾಳೆ ತಗೊಂಡು ಮನೆಗೆ ಬರಲಿರುವ ಪ್ರತಿಯೊಂದು ಸಾಮಾನಿನ ವ್ಯಾಟ್ ಬರೆದು, ಅದು ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಎಂಬುದರಿಂದ ಗುಣಿಸಿ. ಸಾವಿರ ವ್ಯಾಟ್-ಅವರ್ ಆದರೆ ಒಂದು ಯೂನಿಟ್. ನಾಲ್ಕು ಜನರ ಮನೆಗೆ ನಾನೇ ಒಂದು ಮಾದರಿ ಹಾಕಿ ತೋರಿಸುತ್ತೇನೆ. 9 ವ್ಯಾಟ್‌ನ ಎಂಟು ಎಲ್‌ಇಡಿ ಬಲ್ಬು, ಐದು ಗಂಟೆ ಉರಿದರೆ 360. 30 ವ್ಯಾಟ್‌ನ ನಾಲ್ಕು ಬಿಎಲ್‌ಡಿಸಿ ಫ್ಯಾನು (ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟರಿನವು) ಹತ್ತು ಗಂಟೆ ತಿರುಗಿದರೆ 1200. ಸಾಧಾರಣ ಗಾತ್ರದ ಇನ್ವರ್ಟರ್ ಫ್ರಿಜ್ಜಿಗೆ ದಿನಕ್ಕೆ 1000 ಹಿಡಿಯಿರಿ. ಟಿವಿ 240, ಎರಡು ಲ್ಯಾಪ್‌ಟಾಪ್ 500, ಹಗಲು ರಾತ್ರಿ ಉರಿಯುವ ವೈಫೈ ರೌಟರ್ 240, ಫೋನುಗಳಿಗೆಲ್ಲ ಸೇರಿ 60, ಮಿಕ್ಸಿ 150, ತಣ್ಣೀರಲ್ಲಿ ಒಗೆಯುವ ವಾಷಿಂಗ್ ಮೆಷಿನ್ 250. ಕೂಡಿದರೆ ಸರಿಯಾಗಿ 4000, ಅಂದರೆ 4 ಯೂನಿಟ್.

ಇಷ್ಟಕ್ಕೇ ಮುಗಿಯಲಿಲ್ಲ. ಒಂದು ಎಚ್‌ಪಿ ನೀರಿನ ಮೋಟರ್ ಅರ್ಧ ಗಂಟೆ ಓಡಿದರೆ ಇನ್ನೊಂದು ಅರ್ಧ ಯೂನಿಟ್. ಆಮೇಲೆ ಯಾರೂ ಬರೆಯದ ಒಂದು ಖರ್ಚಿದೆ: ಇನ್ವರ್ಟರ್ ಸುಮ್ನೆ ಆನ್ ಆಗಿ ಕೂತರೂ ಅದಕ್ಕೆ ಸ್ವಲ್ಪ ಕರೆಂಟ್ ಬೇಕು. 30 ವ್ಯಾಟ್ ಎಂದರೆ ಕಡಿಮೆ ಅನ್ನಿಸುತ್ತದೆ, ಅಲ್ವಾ? 24 ಗಂಟೆಗೆ ಅದು 720 ವ್ಯಾಟ್-ಅವರ್. ಮನೆಯ ಬಲ್ಬುಗಳಿಗೆಲ್ಲ ಬೇಕಾದ್ದರ ಎರಡರಷ್ಟು! ಬೇಕಾದ್ದಕ್ಕಿಂತ ತುಂಬ ದೊಡ್ಡ ಇನ್ವರ್ಟರ್ ಕೊಂಡರೆ ಈ ಪೋಲು ಇನ್ನೂ ಜಾಸ್ತಿ. ಕೊಳ್ಳುವ ಮುಂಚೆ ಡೇಟಾಶೀಟ್‌ನಲ್ಲಿ ಈ ಅಂಕಿ ಎಲ್ಲಿದೆ ಎಂದು ಕೇಳಿ. ಎಲ್ಲ ಸೇರಿ 5.2 ಯೂನಿಟ್ ಆಯಿತು.

ಈ ಪಟ್ಟಿಯಲ್ಲಿ ಒಂದೇ ಒಂದು ಬದಲಾವಣೆ ಮಾಡಿ ನೋಡಿ. ಬಿಎಲ್‌ಡಿಸಿ ಬದಲು 75 ವ್ಯಾಟ್‌ನ ಹಳೇ ಮಾದರಿ ಫ್ಯಾನು ಹಾಕಿದರೆ ಫ್ಯಾನಿನ ಖರ್ಚು 1200ರಿಂದ 3000ಕ್ಕೆ ಏರುತ್ತದೆ. ಅದೂ ರಾತ್ರಿ ಹೊತ್ತು, ಅಂದರೆ ಬ್ಯಾಟರಿಯಿಂದ. ನಾಲ್ಕು ಒಳ್ಳೆ ಫ್ಯಾನು ಕೊಂಡರೆ ಹತ್ತಿರ ಹತ್ತಿರ 2 ಯೂನಿಟ್ ಹಿಡಿಯುವ ಬ್ಯಾಟರಿ ಕೊಳ್ಳುವುದು ತಪ್ಪುತ್ತದೆ. ಆಫ್-ಗ್ರಿಡ್ ಮನೆಯಲ್ಲಿ ಉಳಿತಾಯ ಮಾಡುವ ಸಾಮಾನಿಗೆ ಕೊಟ್ಟ ದುಡ್ಡು ಎಂದೂ ದಂಡವಲ್ಲ.

ಪಟ್ಟಿಯಲ್ಲಿ ಗೀಸರ್ ಇಲ್ಲ, ಕರೆಂಟ್ ಒಲೆ ಇಲ್ಲ, ಗಮನಿಸಿದಿರಾ? ಬೇಕೆಂದೇ ಬಿಟ್ಟೆ. ನೂರು ಲೀಟರ್ ನೀರನ್ನು 25 ಡಿಗ್ರಿ ಹೆಚ್ಚು ಬಿಸಿ ಮಾಡಲು ಹತ್ತಿರ ಹತ್ತಿರ 3 ಯೂನಿಟ್ ಬೇಕು. ಇದು ಭೌತಶಾಸ್ತ್ರದ ಲೆಕ್ಕ, ಕಾಯಿಲ್‌ನಿಂದ ಕಾಯಿಸುವ ಎಂಥ ಒಳ್ಳೆ ಗೀಸರ್ ತಂದರೂ ತಗ್ಗುವುದಿಲ್ಲ. ಇಡೀ ಮನೆಗೆ 5 ಯೂನಿಟ್ ಸಾಕಾಗಿರುವಾಗ ಸ್ನಾನಕ್ಕೇ 3 ಕೊಡುವುದಾ? ಬಿಸಿಲಿನಿಂದ ನೇರವಾಗಿ ನೀರು ಕಾಯಿಸುವ ಸೋಲಾರ್ ವಾಟರ್ ಹೀಟರ್ ಹಾಕಿಸಿ, ಮೋಡದ ದಿನಕ್ಕೆ ಸೌದೆ ಒಲೆಯೋ ಗ್ಯಾಸೋ ಇರಲಿ. ಅಡುಗೆಗೂ ಗ್ಯಾಸ್ ಇಟ್ಟುಕೊಳ್ಳಿ. ಮನೆಯಲ್ಲಿ ದನಗಳಿದ್ದರೆ ಗೋಬರ್ ಗ್ಯಾಸ್ ಇನ್ನೂ ಒಳ್ಳೆಯದು. ಅದನ್ನು ನೇರವಾಗಿ ಒಲೆಗೆ ಬಳಸಿ, ಎಂಜಿನ್ ಓಡಿಸಿ ಕರೆಂಟ್ ಮಾಡಲು ಹೋಗಬೇಡಿ. ಗ್ಯಾಸಿನ ಶಕ್ತಿಯ ಹೆಚ್ಚಿನ ಪಾಲು ಎಂಜಿನ್ನಿನ ಬಿಸಿಯಾಗಿ ಹೋಗಿಬಿಡುತ್ತದೆ. ಇಂಡಕ್ಷನ್ ಒಲೆ ಇಟ್ಟುಕೊಳ್ಳಬಾರದು ಎಂದಲ್ಲ. ಬಿಸಿಲು ಚೆನ್ನಾಗಿದ್ದು ಮಧ್ಯಾಹ್ನಕ್ಕೇ ಬ್ಯಾಟರಿ ತುಂಬಿದ ದಿನ ಧಾರಾಳವಾಗಿ ಬಳಸಿ. ಅದನ್ನೇ ನೆಚ್ಚಿಕೊಳ್ಳಬೇಡಿ, ಅಷ್ಟೇ.

ಪ್ಯಾನೆಲ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವ ಅಗತ್ಯ ಈಗ ಇಲ್ಲ. 1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನವರು ತೋರಿಸಿದ ಸಿಲಿಕಾನ್ ಸೆಲ್ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಶೇ. 6ರಷ್ಟನ್ನು ಕರೆಂಟ್ ಮಾಡುತ್ತಿತ್ತು. ಇವತ್ತು ಅಂಗಡಿಯಲ್ಲಿ ಸಿಗುವ ಪ್ಯಾನೆಲ್ ಶೇ. 20ರ ಮೇಲಿದೆ. ಇಡೀ ವ್ಯವಸ್ಥೆಯಲ್ಲಿ ಅತಿ ಕಡಿಮೆ ತೊಂದರೆ ಕೊಡುವ, 25 ವರ್ಷ ಸಲೀಸಾಗಿ ಬಾಳುವ ಸಾಮಾನು ಅದು. ಒಂದು ಕಿಲೋವ್ಯಾಟ್‌ಗೆ ಪ್ಯಾನೆಲ್‌ಗೇ ಸುಮಾರು 5 ಚದರ ಮೀಟರ್ ಜಾಗ ಬೇಕು. ಓಡಾಡಲು ಸಂದು ಬಿಟ್ಟರೆ ಇನ್ನೂ ಸ್ವಲ್ಪ.

ಗೊತ್ತಿರಬೇಕಾದ ವಿಷಯ ಎರಡು. ಒಂದು, ಪ್ಯಾನೆಲ್ ಮೇಲೆ ಬರೆದ ವ್ಯಾಟ್ ಲ್ಯಾಬಿನ ಲೆಕ್ಕ: ಚದರ ಮೀಟರಿಗೆ 1000 ವ್ಯಾಟ್ ಬೆಳಕು, ಸೆಲ್ಲಿನ ಉಷ್ಣತೆ 25 ಡಿಗ್ರಿ. ಸುಡು ಬಿಸಿಲಲ್ಲಿ ಸೆಲ್ಲು 65 ಡಿಗ್ರಿಗೆ ಹೋಗುತ್ತದೆ. ಪ್ರತಿ ಡಿಗ್ರಿಗೆ ಶೇ. 0.35ರಷ್ಟು ಕಳೆದರೂ ಅಲ್ಲಿಗೇ ಶೇ. 14 ಹೋಯಿತು. ಧೂಳು, ವೈರು, ಬ್ಯಾಟರಿ, ಇನ್ವರ್ಟರ್ ಎಲ್ಲದರ ನಷ್ಟ ಸೇರಿ ಶೇ. 30 ತೆಗೆದಿಡಿ. ಹಾಗೆ ತೆಗೆದರೆ 3 ಕಿಲೋವ್ಯಾಟ್, ದಿನಕ್ಕೆ ಐದು ಗಂಟೆ ಪೂರ್ಣ ಬಿಸಿಲು ಎಂದು ಹಿಡಿದಾಗ 10.5 ಯೂನಿಟ್. ನಿಮ್ಮ ಮಾರಾಟಗಾರರ ಅಂಕಿ ಬಂದದ್ದು ಹೀಗೆ. ಎರಡು, ನೆರಳು. ಪ್ಯಾನೆಲ್ ಒಳಗಿನ ಸೆಲ್ಲುಗಳೆಲ್ಲ ಸಾಲಾಗಿ ಜೋಡಿಸಿರುತ್ತಾರೆ, ಒಂದರ ಕರೆಂಟು ಇನ್ನೊಂದರ ಮೂಲಕವೇ ಹರಿಯಬೇಕು. ತೆಂಗಿನ ಗರಿಯ ಒಂದು ತುಂಡು ನೆರಳು ಬಿದ್ದರೂ ಆ ಸಾಲಿನ ಅಷ್ಟೂ ಸೆಲ್ಲುಗಳು ಮಂಕಾಗುತ್ತವೆ. ಮಂಕಾದ ಭಾಗವನ್ನು ಬಿಟ್ಟು ಕರೆಂಟನ್ನು ಸುತ್ತಿ ಕಳಿಸುವ ಬೈಪಾಸ್ ಡಯೋಡು ಇರುವುದರಿಂದ ಇಡೀ ಪ್ಯಾನೆಲ್ ಸತ್ತು ಹೋಗುವುದಿಲ್ಲ, ಮೂರನೇ ಒಂದು ಭಾಗ ಹೋಗುತ್ತದೆ. ತೋಟದ ಮನೆ ಅಂದಿರಲ್ಲ, ಪ್ಯಾನೆಲ್ ಮನೆ ಮೇಲೇ ಇರಬೇಕು ಎಂದೇನಿಲ್ಲ. ಮರಗಳಿಂದ ದೂರ ಬಯಲಲ್ಲಿ ಸ್ಟ್ಯಾಂಡ್ ಹಾಕಿಸಿ. ಮುಖ ಸಮಭಾಜಕ ವೃತ್ತದ ಕಡೆಗೆ ಇರಲಿ, ಅಂದರೆ ಉತ್ತರಾರ್ಧ ಗೋಳದಲ್ಲಿ ದಕ್ಷಿಣಕ್ಕೆ. ಓರೆ ಸುಮಾರಾಗಿ ನಿಮ್ಮ ಅಕ್ಷಾಂಶದಷ್ಟು.

ಇನ್ನು ಬ್ಯಾಟರಿ. ನಿಮ್ಮ ದುಡ್ಡು ಹೋಗುವುದೂ ಇಲ್ಲೇ, ಮನೆಯಲ್ಲಿ ಜಗಳ ಆಗುವುದೂ ಇಲ್ಲೇ.

ಮೋಡದ ದಿನ 3 ಕಿಲೋವ್ಯಾಟ್ ಪ್ಯಾನೆಲ್‌ನಿಂದ 2 ಯೂನಿಟ್ ಬಂತು, ಮನೆ ಖರ್ಚು 5.2 ಎಂದಿಟ್ಟುಕೊಳ್ಳಿ. ದಿನಕ್ಕೆ 3.2 ಕೊರತೆ. ಇಂಥ ದಿನ ಸಾಲಾಗಿ ಮೂರು ಬಂದರೆ 9.6 ಯೂನಿಟ್ ಬ್ಯಾಟರಿಯಿಂದ ಬರಬೇಕು. ಈಗ ಮನೆಯವರೆಲ್ಲ ಸೇರಿ ಒಂದು ಒಪ್ಪಂದ ಮಾಡಿಕೊಂಡಿರಿ ಅನ್ನಿ: ಮೋಡದ ದಿನ ಬಟ್ಟೆ ಒಗೆಯುವುದಿಲ್ಲ, ಟಿವಿ ಇಲ್ಲ, ಮೋಟರ್ ಹಾಕುವುದಿಲ್ಲ, ಒಂದೇ ಲ್ಯಾಪ್‌ಟಾಪ್, ಮೋಡಕ್ಕೆ ಹೇಗೂ ತಂಪಿರುವುದರಿಂದ ಎರಡು ಫ್ಯಾನು ಸಾಕು. ಖರ್ಚು 3.5ರ ಹತ್ತಿರ ಇಳಿಯುತ್ತದೆ. ಕೊರತೆ ದಿನಕ್ಕೆ 1.5, ಮೂರು ದಿನಕ್ಕೆ 4.5. ಬ್ಯಾಟರಿ ಅರ್ಧಕ್ಕಿಂತ ಕಡಿಮೆ ಸಾಕು! ಇನ್ನೊಂದು ದಾರಿ, ಪ್ಯಾನೆಲನ್ನು 5 ಕಿಲೋವ್ಯಾಟ್‌ಗೆ ಏರಿಸುವುದು. ಆಗ ಮೋಡದ ದಿನವೂ 3.3 ಯೂನಿಟ್ ಬರುತ್ತದೆ. ಅಂದರೆ ಒಪ್ಪಂದ ಪಾಲಿಸಿದರೆ ಕೊರತೆ ಇಲ್ಲವೆನ್ನುವಷ್ಟು ಕಡಿಮೆ.

ಅದಕ್ಕೇ ನಾನು ಕೇಳಿದವರಿಗೆಲ್ಲ ಹೇಳುವುದು: ಕೈಯಲ್ಲಿ ಇನ್ನಷ್ಟು ದುಡ್ಡಿದ್ದರೆ ಪ್ಯಾನೆಲ್‌ಗೆ ಹಾಕಿ, ಬ್ಯಾಟರಿಗಲ್ಲ. ಒಳ್ಳೆ ಬಿಸಿಲಿನ ದಿನ ಅರ್ಧಕ್ಕಿಂತ ಹೆಚ್ಚು ಕರೆಂಟ್ ವ್ಯರ್ಥ ಹೋಗುತ್ತದಲ್ಲ ಎಂದು ಹೊಟ್ಟೆ ಉರಿಸಿಕೊಳ್ಳಬೇಡಿ. ಪ್ಯಾನೆಲ್ 25 ವರ್ಷ ಇರುತ್ತದೆ, ಬ್ಯಾಟರಿ ಅದರ ಅರ್ಧ ಆಯುಷ್ಯವೂ ಇರದು. ನಿಮ್ಮ ಮನೆಗೆ 5 ಕಿಲೋವ್ಯಾಟ್ ಪ್ಯಾನೆಲ್, 8ರಿಂದ 10 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ ಎಂದು ಅಂದಾಜು ಇಟ್ಟುಕೊಳ್ಳಿ. ನಿಮ್ಮ ಹಾಳೆಯ ಮೊತ್ತ ಬೇರೆ ಬಂದರೆ ಇದನ್ನೂ ಅದೇ ಅಳತೆಯಲ್ಲಿ ಹಿಗ್ಗಿಸಿ, ಕುಗ್ಗಿಸಿ.

ಯಾವ ಬ್ಯಾಟರಿ? 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ ಎಲ್ಲರಿಗೂ ಗೊತ್ತು. ಎರಡನ್ನೂ ಗುಣಿಸಿದರೆ 1800, ಅಂದರೆ 1.8 ಯೂನಿಟ್. ಆದರೆ ಇಂಥ ಲೆಡ್ ಆಸಿಡ್ ಬ್ಯಾಟರಿಯನ್ನು ದಿನವೂ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ. ಹಾಗಾಗಿ ಕೈಗೆ ಸಿಗುವುದು 0.9. ಏಳು ಯೂನಿಟ್ ಬೇಕೆಂದರೆ ಇಂಥವು ಎಂಟು ಬೇಕು. ಅದಕ್ಕೆ ಇನ್ನೊಂದು ಹಟ ಇದೆ: ಆಗಾಗ ಪೂರ್ತಿ ತುಂಬಲೇಬೇಕು. ಅರ್ಧಂಬರ್ಧ ಚಾರ್ಜಿನಲ್ಲಿ ದಿನಗಟ್ಟಲೆ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಬಿಸಿಲಿಲ್ಲದ ಹದಿನೈದು ದಿನದಲ್ಲಿ ಆಗುವುದು ಸರಿಯಾಗಿ ಅದೇ. ಜೊತೆಗೆ ಡಿಸ್ಟಿಲ್ಡ್ ವಾಟರ್ ನೋಡಿಕೊಳ್ಳಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದಕ್ಕೆ ಗಾಳಿಯಾಡುವ ಜಾಗ ಬೇಕು, ಹತ್ತಿರ ಬೆಂಕಿ ಇರಬಾರದು.

ಲಿಥಿಯಂನಲ್ಲಿ ಮನೆಗೆ ಸೂಕ್ತವಾದದ್ದು ಲಿಥಿಯಂ ಐರನ್ ಫಾಸ್ಫೇಟ್, ಎಲ್‌ಎಫ್‌ಪಿ ಎನ್ನುತ್ತಾರೆ. ಶೇ. 80–90ರಷ್ಟು ಬಳಸಬಹುದು, ಅರ್ಧ ಚಾರ್ಜಿನಲ್ಲಿ ಇದ್ದರೆ ಅದಕ್ಕೇನೂ ಬೇಸರ ಇಲ್ಲ, ಮೂರು ಸಾವಿರ ಸಲಕ್ಕೂ ಹೆಚ್ಚು ತುಂಬಿ ಖಾಲಿ ಮಾಡಬಹುದು. ಫೋನಿನ ಬ್ಯಾಟರಿಗಳಿಗಿಂತ ಇದಕ್ಕೆ ಬೆಂಕಿಯ ಭಯವೂ ಕಡಿಮೆ. ಕೊಳ್ಳುವಾಗ ಒಳಗೆ ಬಿಎಂಎಸ್ ಇದೆಯಾ ಎಂದು ನೋಡಿ. ಸೆಲ್ಲು ಅತಿಯಾಗಿ ತುಂಬದಂತೆ, ಅತಿಯಾಗಿ ಖಾಲಿಯಾಗದಂತೆ ಕಾಯುವುದು ಅದೇ. ಹೆಪ್ಪುಗಟ್ಟುವ ಚಳಿ ಇರುವ ಕಡೆ ಮಾತ್ರ ಎಚ್ಚರ: ಸೊನ್ನೆ ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜ್ ಮಾಡುವಂತಿಲ್ಲ. ಹೊಸದಾಗಿ ಕಟ್ಟುವ ಮನೆಗೆ ನಾನಾದರೆ ಇದನ್ನೇ ಹಾಕುತ್ತೇನೆ. ಲೆಡ್ ಆಸಿಡ್ ಮೊದಲು ಅಗ್ಗ ಅನ್ನಿಸಿದರೂ ಎರಡು ಮೂರು ಸಲ ಬದಲಾಯಿಸುವಷ್ಟರಲ್ಲಿ ಲೆಕ್ಕ ತಲೆಕೆಳಗಾಗುತ್ತದೆ.

ಎಲ್‌ಎಫ್‌ಪಿ ಕೊಂಡವರು ಎಡವುವುದು ಇಲ್ಲಿ. ಲೆಡ್ ಆಸಿಡ್‌ನಲ್ಲಿ ಸ್ವಲ್ಪ ಹೊತ್ತು ಲೋಡ್ ತೆಗೆದು ವೋಲ್ಟೇಜ್ ನೋಡಿದರೆ ಎಷ್ಟು ಉಳಿದಿದೆ ಎಂದು ಅಂದಾಜಾಗುತ್ತದೆ: 12.7 ಇದ್ದರೆ ತುಂಬಿದೆ, 12.1ರ ಹತ್ತಿರ ಇದ್ದರೆ ಅರ್ಧ. ಎಲ್‌ಎಫ್‌ಪಿಯಲ್ಲಿ ಈ ಆಟ ನಡೆಯುವುದಿಲ್ಲ. ಮುಕ್ಕಾಲು ಇದ್ದರೂ ಅರ್ಧ ಇದ್ದರೂ ವೋಲ್ಟೇಜ್ ಹೆಚ್ಚು ಕಡಿಮೆ ಅಷ್ಟೇ. ಕೊನೆಗೆ ಒಮ್ಮೆಲೇ ಧೊಪ್ಪೆಂದು ಬೀಳುತ್ತದೆ, ಮನೆ ಕತ್ತಲಾಗುತ್ತದೆ. ಆದ್ದರಿಂದ ಒಳಗೆ ಹೋದ ಕರೆಂಟ್, ಹೊರಗೆ ಬಂದ ಕರೆಂಟ್ ಎರಡನ್ನೂ ಎಣಿಸುವ ಶಂಟ್ ಇರುವ ಬ್ಯಾಟರಿ ಮೀಟರ್ ಹಾಕಿಸಿ. ಅದನ್ನು ಬ್ಯಾಟರಿ ರೂಮಿನಲ್ಲಿ ಬಚ್ಚಿಡಬೇಡಿ. ಎಲ್ಲರೂ ಓಡಾಡುವ ಕಡೆ, ಅಡುಗೆ ಮನೆ ಬಾಗಿಲ ಪಕ್ಕದಲ್ಲಿ ಇರಲಿ. ಶೇಕಡಾ ಎಷ್ಟಿದೆ ಎಂದು ಕಣ್ಣಿಗೆ ಬೀಳುತ್ತಿದ್ದರೆ ಮಕ್ಕಳೂ ತಾವಾಗಿ ಲೈಟ್ ಆರಿಸುತ್ತಾರೆ. ಉಪದೇಶ ಮಾಡುವುದು ತಪ್ಪುತ್ತದೆ.

ಮೋಟರ್ ವಿಷಯದಲ್ಲಿ ಒಂದು ಮಾತು. ಶುರುವಾಗುವ ಗಳಿಗೆಯಲ್ಲಿ ಮೋಟರ್ ತನ್ನ ಮಾಮೂಲಿ ಕರೆಂಟಿನ ಮೂರರಿಂದ ಆರು ಪಟ್ಟು ಎಳೆಯುತ್ತದೆ. ಒಂದು ಎಚ್‌ಪಿ ಮೋಟರಿಗಾಗಿಯೇ ದೊಡ್ಡ ಇನ್ವರ್ಟರ್ ಕೊಳ್ಳುವ ಹಾಗಾಗುತ್ತದೆ. ಅದರ ಬದಲು ನಿಧಾನಕ್ಕೆ ವೇಗ ಹಿಡಿಯುವ ಡ್ರೈವ್ ಇರುವ ಮೋಟರ್, ಅಥವಾ ಪ್ಯಾನೆಲ್‌ನಿಂದ ನೇರವಾಗಿ ಓಡುವ ಸೋಲಾರ್ ಪಂಪ್ ಹಾಕಿಸಿ. ಬಿಸಿಲಿದ್ದಾಗ ಟ್ಯಾಂಕ್ ತುಂಬಿಸಿಕೊಂಡರೆ ರಾತ್ರಿ ನೀರಿಗೆ ಬ್ಯಾಟರಿ ಮುಟ್ಟಬೇಕಿಲ್ಲ. ದೊಡ್ಡ ಟ್ಯಾಂಕ್ ಕಟ್ಟಿಸಿ, ಮೋಡದ ನಾಲ್ಕು ದಿನ ತಡೆಯುವಷ್ಟು. ಇನ್ವರ್ಟರ್ ಮಾತ್ರ ಲೈನಿನಂತೆ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಇರಲಿ. ಚೌಕಾಕಾರದ ಅಲೆ ಕೊಡುವ ಅಗ್ಗದ ಇನ್ವರ್ಟರಿನಲ್ಲಿ ಫ್ಯಾನು ಗುಂಯ್ ಎನ್ನುತ್ತದೆ, ಫ್ರಿಜ್ಜಿನ ಮೋಟರ್ ಬಿಸಿಯಾಗುತ್ತದೆ.

ಅಂದ ಹಾಗೆ, ಟ್ಯಾಂಕಿನ ನೀರು ಕೆಳಗೆ ಬಿಟ್ಟು ಅದರಿಂದ ಕರೆಂಟ್ ಮಾಡಬಹುದಲ್ಲ ಎಂದು ಬಹಳ ಜನ ಕೇಳುತ್ತಾರೆ. ಸಾವಿರ ಲೀಟರ್ ನೀರು ಹತ್ತು ಮೀಟರ್ ಎತ್ತರದಿಂದ ಬಿದ್ದರೆ ಅದರಲ್ಲಿರುವ ಅಷ್ಟೂ ಶಕ್ತಿ 27 ವ್ಯಾಟ್-ಅವರ್. ಒಂದು 9 ವ್ಯಾಟ್ ಬಲ್ಬು ಮೂರು ಗಂಟೆ ಉರಿಯಿತು, ಅಲ್ಲಿಗೆ ಮುಗಿಯಿತು. ಮೋಟರಿಗೆ ಆಲ್ಟರ್ನೇಟರ್ (ತಿರುಗಿಸಿದರೆ ಕರೆಂಟ್ ಕೊಡುವ ಯಂತ್ರ) ಕಟ್ಟಿ ಅದರಿಂದಲೇ ಮೋಟರ್ ಓಡಿಸುವ ವಿಡಿಯೋಗಳನ್ನಂತೂ ನೋಡಿ ನಕ್ಕು ಬಿಟ್ಟುಬಿಡಿ.

ಗಾಳಿಯಂತ್ರ ಬೇಡ ಎಂದೇ ನನ್ನ ಸಲಹೆ. ಗಾಳಿಯ ಶಕ್ತಿ ವೇಗದ ಘನದಂತೆ (ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟು) ಏರುತ್ತದೆ, ಇಳಿಯುತ್ತದೆ. ಸಣ್ಣ ಗಾಳಿಯಂತ್ರದ ಮೇಲೆ 1000 ವ್ಯಾಟ್ ಎಂದು ಬರೆದಿರುವುದು ಸೆಕೆಂಡಿಗೆ ಸುಮಾರು 12 ಮೀಟರ್ ವೇಗದ ಜೋರು ಗಾಳಿಗೆ. ಗಾಳಿ 4 ಮೀಟರ್‌ಗೆ ಇಳಿದರೆ ವೇಗ ಮೂರನೇ ಒಂದು, ಶಕ್ತಿ ಇಪ್ಪತ್ತೇಳನೇ ಒಂದು. 37 ವ್ಯಾಟ್! ಒಂದು ಫ್ಯಾನಿಗೆ ಸಾಲುತ್ತದೆ. ಗಾಳಿ ಬೇಕೆಂದು ಗಾಳಿಯಂತ್ರ ತಿರುಗಿಸಿ ಫ್ಯಾನು ಓಡಿಸುವುದರಲ್ಲಿ ಏನೋ ತಮಾಷೆ ಇದೆ. ಮರಗಳ ನಡುವೆ ಗಾಳಿ ಸುಳಿ ಸುತ್ತುತ್ತದೆ, ಹಾಗಾಗಿ ಸುತ್ತ 150 ಮೀಟರ್ ಒಳಗಿನ ಎಲ್ಲ ಮರ, ಕಟ್ಟಡಗಳಿಗಿಂತ ಹತ್ತು ಮೀಟರ್ ಎತ್ತರಕ್ಕೆ ಕಂಬ ನಿಲ್ಲಿಸಬೇಕು. ಗುಡ್ಡದ ನೆತ್ತಿ, ಸಮುದ್ರದ ದಂಡೆಯಂಥ ಜಾಗ ಬಿಟ್ಟರೆ ಆ ಕಂಬದ ದುಡ್ಡಿಗೆ ಪ್ಯಾನೆಲ್ ಹಾಕುವುದೇ ವಾಸಿ.

ಆದರೆ ಹಳ್ಳ ಅಂದಿರಲ್ಲ, ಅದು ನನ್ನ ಕಿವಿ ನಿಮಿರಿಸಿತು. ನೀವು ಅದನ್ನು ಕೊನೆಯಲ್ಲಿ ಸುಮ್ನೆ ಸೇರಿಸಿದ್ದೀರಿ. ನಾನಾದರೆ ಮೊದಲು ಹೋಗಿ ನೋಡುವುದು ಅದನ್ನೇ. ನೀರು ಹಗಲು ರಾತ್ರಿ ಹರಿಯುತ್ತದೆ. ಮುಖ್ಯವಾಗಿ, ಮಳೆ ಮೋಡದ ದಿನ ಬಿಸಿಲು ಕೈ ಕೊಟ್ಟಾಗ ಹಳ್ಳ ತುಂಬಿ ಹರಿಯುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಬೇಕಾದ್ದು ಎರಡು ಅಳತೆ. 20 ಲೀಟರ್ ಬಕೆಟ್ ತಗೊಂಡು ಹೋಗಿ. ನೀರೆಲ್ಲ ಒಂದೇ ಪೈಪಿನಲ್ಲಿ ಬರುವಂತೆ ಕಲ್ಲು ಮಣ್ಣು ಒಟ್ಟಿ ಸಣ್ಣ ಕಟ್ಟೆ ಮಾಡಿ, ಬಕೆಟ್ ತುಂಬಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ನೋಡಿ. ಹತ್ತು ಸೆಕೆಂಡ್ ಆದರೆ ಸೆಕೆಂಡಿಗೆ 2 ಲೀಟರ್. ಇದನ್ನು ಬೇಸಿಗೆಯಲ್ಲೂ ಅಳೆಯಿರಿ. ಆಮೇಲೆ ಮೇಲಿನ ಕಟ್ಟೆಯಿಂದ ಕೆಳಗೆ ಯಂತ್ರ ಇಡುವ ಜಾಗಕ್ಕೆ ಎಷ್ಟು ಇಳಿಜಾರು ಎಂದು ಅಳೆಯಿರಿ. ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ನೀರಿನ ಟ್ಯೂಬು ಸಾಕು. 15 ಮೀಟರ್ ಇಳಿಜಾರು ಸಿಕ್ಕಿತು ಅನ್ನಿ. 2 ಗುಣಿಸು 15 ಗುಣಿಸು 9.81, ಸುಮಾರು 294 ವ್ಯಾಟ್. ಪೈಪಿನ ಘರ್ಷಣೆ, ಯಂತ್ರದ ನಷ್ಟ ಎಲ್ಲ ಸೇರಿ ಅರ್ಧ ಹೋಯಿತು ಎಂದರೂ 147 ವ್ಯಾಟ್ ಉಳಿಯಿತು. ನೋಡಲು ಪುಟ್ಟದು. 24 ಗಂಟೆಗೆ 3.5 ಯೂನಿಟ್! ಮೇಲಿನ ಲೆಕ್ಕದಲ್ಲಿ ಮೋಡದ ದಿನದ ಖರ್ಚು ಎಷ್ಟಿತ್ತು? ಅಷ್ಟೇ. ಹಳ್ಳ ಬತ್ತುವ ತಿಂಗಳುಗಳಲ್ಲಿ ಹೇಗೂ ಬಿಸಿಲಿರುತ್ತದೆ.

ಇಂಥ ಯಂತ್ರದಲ್ಲಿ ಕರೆಂಟ್ ಭಾಗ ಕಷ್ಟದ್ದಲ್ಲ. ಕಷ್ಟ ಕಸದ್ದು. ಎಲೆ, ಮರಳು ಪೈಪಿಗೆ ಹೋಗದಂತೆ ಜಾಲರಿ, ಮಣ್ಣು ತಳಕ್ಕೆ ಕೂರಲು ಒಂದು ತೊಟ್ಟಿ ಬೇಕು. ಮಳೆ ಜೋರಾದ ದಿನ ಯಾರಾದರೂ ಹೋಗಿ ಜಾಲರಿ ಬಳಿಯಲೇಬೇಕು. ಪೈಪ್ ದಪ್ಪ ಇರಲಿ, ಸಣ್ಣ ಪೈಪಿನಲ್ಲಿ ಇಳಿಜಾರೆಲ್ಲ ಘರ್ಷಣೆಗೇ ಹೋಗುತ್ತದೆ. ಬ್ಯಾಟರಿ ತುಂಬಿದ ಮೇಲೂ ಯಂತ್ರ ತಿರುಗುತ್ತಲೇ ಇರುವುದರಿಂದ, ಮಿಕ್ಕ ಕರೆಂಟನ್ನು ನೀರು ಕಾಯಿಸುವ ಕಾಯಿಲ್‌ಗೆ ತಿರುಗಿಸುವ ಕಂಟ್ರೋಲರ್ ಹಾಕಬೇಕು. ನೋಡಿ, ಸ್ನಾನದ ನೀರಿಗೂ ಒಂದು ದಾರಿಯಾಯಿತು. ನೀರು ತಿರುಗಿಸುವ ಮುಂಚೆ ಅನುಮತಿ ಬೇಕಾ ಎಂದು ವಿಚಾರಿಸಿ. ಕೆಳಗಿನ ಜಮೀನಿನವರ ಹತ್ತಿರವೂ ಮಾತಾಡಿ.

ವೈರಿಂಗ್ ಕೆಲಸ ಡಿಸಿ (ಪ್ಯಾನೆಲ್, ಬ್ಯಾಟರಿ ಕೊಡುವ, ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಗೊತ್ತಿರುವವರಿಂದಲೇ ಮಾಡಿಸಿ. ಮನೆ ವೈರಿಂಗ್ ಮಾಡುವವರೆಲ್ಲರಿಗೂ ಇದು ಗೊತ್ತಿರುವುದಿಲ್ಲ. ಲೈನಿನಲ್ಲಿ ಬರುವ ಎಸಿಯಲ್ಲಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಸ್ವಿಚ್ ತೆಗೆದಾಗ ಹುಟ್ಟುವ ಕಿಡಿ ತಾನೇ ಆರುತ್ತದೆ. ಡಿಸಿಯಲ್ಲಿ ಆರುವುದಿಲ್ಲ, ಉರಿಯುತ್ತಲೇ ಇರುತ್ತದೆ. ಎಸಿಗೆ ಮಾಡಿದ ಎಂಸಿಬಿಯನ್ನು ಪ್ಯಾನೆಲ್ ಲೈನಿಗೆ ಹಾಕಿದರೆ ಅದೇ ಹೊತ್ತಿಕೊಳ್ಳಬಹುದು. ಬ್ಯಾಟರಿಯ ಪ್ಲಸ್ ಟರ್ಮಿನಲ್ ಪಕ್ಕದಲ್ಲೇ ಡಿಸಿ ಫ್ಯೂಸ್ ಇರಬೇಕು. ಸ್ಪ್ಯಾನರ್ ಜಾರಿ ಎರಡು ಟರ್ಮಿನಲ್ ಮೇಲೆ ಬಿದ್ದರೆ ಸಾವಿರಾರು ಆಂಪಿಯರ್ ಹರಿಯುತ್ತದೆ, ಆದ್ದರಿಂದ ಟರ್ಮಿನಲ್ ಮುಚ್ಚಿರಲಿ, ಕೆಲಸ ಮಾಡುವವರು ಉಂಗುರ ಬಿಚ್ಚಿಡಲಿ. ಅರ್ಥಿಂಗ್ ಸರಿಯಾಗಿ ಮಾಡಿಸಿ, ಸಿಡಿಲಿಗೆ ಸರ್ಜ್ ಅರೆಸ್ಟರ್ ಹಾಕಿಸಿ. ಬಯಲಲ್ಲಿ ನಿಂತ ಪ್ಯಾನೆಲ್‌ಗೆ ಇದು ಬೇಕೇ ಬೇಕು.

ಬ್ಯಾಟರಿ ವ್ಯವಸ್ಥೆ 48 ವೋಲ್ಟ್‌ನದೇ ಇರಲಿ. 3000 ವ್ಯಾಟ್ ಲೋಡಿಗೆ 12 ವೋಲ್ಟಿನಲ್ಲಿ 250 ಆಂಪಿಯರ್ ಹರಿಯಬೇಕು, 48ರಲ್ಲಿ 62.5 ಸಾಕು. ಅದೇ ವೈರಿನಲ್ಲಿ ನಷ್ಟ ಹದಿನಾರನೇ ಒಂದಕ್ಕೆ ಇಳಿಯುತ್ತದೆ. ಪ್ಯಾನೆಲ್‌ನಿಂದ ಬ್ಯಾಟರಿ ತುಂಬಿಸುವ ಚಾರ್ಜ್ ಕಂಟ್ರೋಲರ್ ಎಂಪಿಪಿಟಿ ಬಗೆಯದು ತಗೊಳ್ಳಿ, ಪ್ಯಾನೆಲ್ ಕೊಡಬಲ್ಲಷ್ಟನ್ನೂ ಅದು ಎಳೆದುಕೊಳ್ಳುತ್ತದೆ. ಅಗ್ಗದ ಪಿಡಬ್ಲ್ಯುಎಂ ಬಗೆಯದು ಬೇಡ. ಕಂಟ್ರೋಲರ್ ಮೇಲೆ 150 ವೋಲ್ಟ್ ಗರಿಷ್ಠ ಎಂದು ಬರೆದಿದ್ದರೆ, 50 ವೋಲ್ಟಿನ ಮೂರು ಪ್ಯಾನೆಲ್ ಸಾಲಾಗಿ ಹಾಕಿದರೆ ಸರಿ ಹೋಯಿತು ಎಂದುಕೊಳ್ಳಬೇಡಿ. ಚಳಿಯಲ್ಲಿ ಪ್ಯಾನೆಲ್ ವೋಲ್ಟೇಜ್ ಏರುತ್ತದೆ. 5 ಡಿಗ್ರಿಯ ಒಂದು ಮುಂಜಾನೆ ಅದು 157 ದಾಟಿ ಕಂಟ್ರೋಲರ್ ಸುಟ್ಟಿತು ಎಂದರೆ ವಾರಂಟಿಯೂ ಇಲ್ಲ. ಎರಡೆರಡೇ ಹಾಕಿಸಿ.

ಇಷ್ಟಾದರೂ ವರ್ಷಕ್ಕೊಮ್ಮೆ ಸಾಲು ಸಾಲು ಮೋಡದ ದಿನ ಬಂದು ಎಲ್ಲ ಬರಿದಾಗುತ್ತದೆ. ಅದಕ್ಕೆ ಒಂದು ಸಣ್ಣ ಜನರೇಟರ್ ಇಟ್ಟುಕೊಳ್ಳಿ. ಆ ಒಂದು ವಾರಕ್ಕಾಗಿ ಬ್ಯಾಟರಿ ದುಪ್ಪಟ್ಟು ಮಾಡುವುದು ದಂಡ. ಜನರೇಟರನ್ನು ಎರಡು ಬಲ್ಬಿಗಾಗಿ ರಾತ್ರಿಯಿಡೀ ಓಡಿಸಬೇಡಿ, ಕಡಿಮೆ ಲೋಡಿನಲ್ಲಿ ಅದು ಎಣ್ಣೆ ಕುಡಿಯುತ್ತದೆ. ಹಗಲು ಎರಡು ಮೂರು ಗಂಟೆ ಪೂರ್ತಿ ಲೋಡಿನ ಹತ್ತಿರ ಓಡಿಸಿ ಬ್ಯಾಟರಿ ತುಂಬಿಸಿ, ಆಮೇಲೆ ಆರಿಸಿ. ಮನೆಯೊಳಗೆ, ಕಿಟಕಿ ಪಕ್ಕದಲ್ಲಿ ಎಂದೂ ಬೇಡ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದ್ದವರು ಏಳುವುದಿಲ್ಲ.

ಹಾಗಾದರೆ ಲೈನ್ ಎಳೆಸುವುದಾ ಬೇಡವಾ? ಮನೆ ಬಾಗಿಲಿಗೇ ಲೈನ್ ಬಂದಿದ್ದವರು ಕೇಳಿದ್ದರೆ, ಕಿತ್ತು ಹಾಕಬೇಡಿ, ಹೈಬ್ರಿಡ್ ಹಾಕಿಸಿ ಒಂದು ವರ್ಷ ಮೇನ್ ಸ್ವಿಚ್ ಆರಿಸಿಟ್ಟು ಬದುಕಿ ನೋಡಿ ಎನ್ನುತ್ತಿದ್ದೆ. ನಿಮ್ಮದು ಬೇರೆ. ಲೈನ್ ದೂರ ಇದೆ, ಹಳ್ಳ ಹತ್ತಿರ ಇದೆ. ಕಂಬ, ತಂತಿಗೆ ಆಗುವ ಖರ್ಚಿನ ಅಂದಾಜು ತರಿಸಿ, ಮೇಲೆ ಹೇಳಿದ್ದರ ಅಂದಾಜಿನ ಪಕ್ಕದಲ್ಲಿಟ್ಟು ನೋಡಿ. ಬ್ಯಾಟರಿ ಹತ್ತು ಹನ್ನೆರಡು ವರ್ಷಕ್ಕೊಮ್ಮೆ, ಇನ್ವರ್ಟರ್ ಅದಕ್ಕೂ ಸ್ವಲ್ಪ ಮುಂಚೆಯೇ ಬದಲಾಯಿಸುವ ಖರ್ಚನ್ನೂ ಅದರಲ್ಲಿ ಸೇರಿಸಿ, ಅದನ್ನು ಯಾರೂ ಕೊಟೇಶನ್‌ನಲ್ಲಿ ಬರೆಯುವುದಿಲ್ಲ. ಎರಡೂ ಸಮ ಸಮ ಬಂದರೆ ಲೈನ್ ಎಳೆಸಿ. ಸ್ವಂತ ಕರೆಂಟು ಅರ್ಧಕ್ಕೆ ಬಂದರೆ ಯೋಚಿಸಬೇಡಿ, ಹಾಕಿಸಿ.

ಮನೆ ಇನ್ನೂ ಕಟ್ಟುತ್ತಿರುವುದರಿಂದ ಈಗ ಮಾಡಬೇಕಾದ್ದು ಮೂರು ಕೆಲಸ: ಹಾಳೆ ಬರೆಯುವುದು, ಹಳ್ಳ ಅಳೆಯುವುದು, ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ನೆರಳು ಬೀಳದ ಜಾಗ ಗುರುತಿಸುವುದು. ಬ್ಯಾಟರಿ ಮಾತ್ರ ಎಲ್ಲಕ್ಕಿಂತ ಕೊನೆಗೆ, ಪ್ಯಾನೆಲ್, ವೈರಿಂಗ್ ಎಲ್ಲ ಮುಗಿದ ವಾರದಲ್ಲಿ ತರಿಸಿ. ಆಫರ್ ಇದೆ ಎಂದು ಈಗಲೇ ಕೊಂಡು ಕಟ್ಟುವ ಮನೆಯ ಮೂಲೆಯಲ್ಲಿ ಆರು ತಿಂಗಳು ಇಟ್ಟರೆ ವಾರಂಟಿಯೂ ಅಲ್ಲೇ ಸವೆಯುತ್ತದೆ, ಲೆಡ್ ಆಸಿಡ್ ಆಗಿದ್ದರೆ ಬ್ಯಾಟರಿಯೂ.